ಟ್ಯಾಕಲ್ ಕಾಣಿಸುತ್ತೆ, ಜಾಗ ಕಾಣಿಸಲ್ಲ: ಎಸಿ ಮಿಲಾನ್‌ನ ಸೆಂಟರ್ ಬ್ಯಾಕ್‌ಗಳು

ನಮ್ಮ ಹಾಸ್ಟೆಲ್ ಗ್ರೌಂಡಿನಲ್ಲಿ ಟೀಮ್ ಮಾಡುವಾಗ ಯಾರೂ ಬರೆದಿಡದ ಒಂದು ರೂಲ್ ಇದೆ. ಚೆನ್ನಾಗಿ ಆಡೋರು ಮುಂದೆ, ಚೆನ್ನಾಗಿ ಓಡೋರು ಮಧ್ಯ, ಎರಡೂ ಬರದೇ ಇರೋರು ಹಿಂದೆ. ನಾನು ಫಸ್ಟ್ ಸೆಮ್‌ನಿಂದಲೂ ಹಿಂದೆಯೇ ನಿಂತಿದ್ದೇನೆ. ನಮ್ಮವರು ಗೋಲು ಹೊಡೆದಾಗ ಯಾರೂ ನನ್ನ ಕಡೆ ಓಡಿ ಬರುವುದಿಲ್ಲ. ಎದುರಿನವರು ಹೊಡೆದಾಗ ಮಾತ್ರ ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡ್ತಾರೆ.

ಇದರಿಂದ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸ್ಟ್ರೈಕರ್‌ನನ್ನು ಗೋಲಿನಿಂದ ಅಳೆಯಬಹುದು. ಆದರೆ ಆಗದೇ ಹೋದ ಗೋಲುಗಳನ್ನು ಯಾವ ಲೆಕ್ಕಕ್ಕೆ ಬರೆಯೋದು? ಡಿಫೆಂಡರ್ ಒಳ್ಳೆಯವನಾ ಇಲ್ಲವಾ ಅಂತ ಹೇಗೆ ಗೊತ್ತಾಗಬೇಕು? ಉತ್ತರ ಹುಡುಕಿಕೊಂಡು ಹಳೆಯ ಮ್ಯಾಚ್‌ಗಳನ್ನು ನೋಡ್ತಾ ಹೋದಾಗ ನಾನು ಮತ್ತೆ ಮತ್ತೆ ಬಂದು ನಿಂತದ್ದು ಒಂದೇ ಕ್ಲಬ್ಬಿನ ಮುಂದೆ. 1899ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಶುರುವಾದ ಎಸಿ ಮಿಲಾನ್. ಈ ಲೇಖನ ಆ ಕ್ಲಬ್ಬಿನ ಸೆಂಟರ್ ಬ್ಯಾಕ್‌ಗಳ ಬಗ್ಗೆ. ಕೊನೆಯಲ್ಲಿ ನನ್ನದೊಂದು ಪಟ್ಟಿಯೂ ಇದೆ, ಜಗಳ ಆಡೋಕೆ.

ಮೊದಲು ಒಂದು ಸಣ್ಣ ಲೆಕ್ಕ

ಗೋಲಿನ ಅಗಲ 7.32 ಮೀಟರ್. ನೇರ ಎದುರಿಗೆ 11 ಮೀಟರ್ ದೂರದಲ್ಲಿ, ಅಂದರೆ ಪೆನಾಲ್ಟಿ ಸ್ಪಾಟ್‌ನಲ್ಲಿ ನಿಂತವನಿಗೆ ಎರಡು ಕಂಬಗಳ ನಡುವೆ ಸಿಗುವ ಕೋನ ಸುಮಾರು 37 ಡಿಗ್ರಿ. ಅವನನ್ನು 22 ಮೀಟರ್ ದೂರಕ್ಕೆ ತಳ್ಳಿದರೆ ಅದು ಸುಮಾರು 19 ಡಿಗ್ರಿಗೆ ಇಳಿಯುತ್ತದೆ. ಪಕ್ಕಕ್ಕೆ ಸರಿಸಿದರೆ ಇನ್ನೂ ಕಡಿಮೆ. ಅಂದರೆ ಬಾಲ್ ಮುಟ್ಟದೆಯೇ, ಸ್ಟ್ರೈಕರ್ ಎಲ್ಲಿಂದ ಶಾಟ್ ಹೊಡೆಯಬೇಕು ಅನ್ನೋದನ್ನು ನಿರ್ಧರಿಸಿದರೆ ಅರ್ಧ ಕೆಲಸ ಮುಗಿಯಿತು.

ಇನ್ನೊಂದು ಲೆಕ್ಕ. ಒಬ್ಬ ಸ್ಟ್ರೈಕರ್ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡ್ತಾನೆ ಅಂದುಕೊಳ್ಳಿ. ಡಿಫೆಂಡರ್‌ದೂ ಅದೇ ವೇಗ. ಪಾಸ್ ಬರುವ ಮೊದಲೇ ಅದು ಎಲ್ಲಿಗೆ ಬರುತ್ತೆ ಅಂತ ಊಹಿಸಿ ಅರ್ಧ ಸೆಕೆಂಡ್ ಮುಂಚೆ ಹೊರಟರೆ ಡಿಫೆಂಡರ್‌ಗೆ 4 ಮೀಟರ್ ಲಾಭ. ಆಗ ಸ್ಲೈಡ್ ಮಾಡುವ ಅಗತ್ಯವೇ ಬೀಳಲ್ಲ, ನಡೆದುಕೊಂಡು ಹೋಗಿ ಬಾಲ್ ತಗೊಂಡ ಹಾಗೆ ಕಾಣುತ್ತೆ.

ಹಾಗಾಗಿ ಟ್ಯಾಕಲ್ ಎಣಿಸಿ ಡಿಫೆಂಡರ್‌ಗೆ ಮಾರ್ಕ್ಸ್ ಕೊಡೋದು, ಬಗ್ ಫಿಕ್ಸ್ ಎಣಿಸಿ ಪ್ರೋಗ್ರಾಮರ್‌ಗೆ ಮಾರ್ಕ್ಸ್ ಕೊಟ್ಟ ಹಾಗೆ. ಬಗ್ಗೇ ಬರದ ಹಾಗೆ ಕೋಡ್ ಬರೆದವನ ಹೆಸರು ಲಾಗ್‌ನಲ್ಲಿ ಎಲ್ಲೂ ಇರಲ್ಲ. ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಮಿಲಾನ್‌ಗೆ ಹೋಗೋಣ.

ಚೆಜಾರೆ ಮಾಲ್ಡೀನಿ: ಅಪ್ಪ

1950 ಮತ್ತು 60ರ ದಶಕದ ಇಟಲಿಯಲ್ಲಿ ಡಿಫೆನ್ಸ್ ಅಂದರೆ ಕತೆನಾಚ್ಚೊ. ಇಟಾಲಿಯನ್ ಭಾಷೆಯಲ್ಲಿ ಬಾಗಿಲಿನ ಅಗುಳಿ ಅಂತ ಅರ್ಥ. ಪ್ರತಿ ಡಿಫೆಂಡರ್‌ಗೆ ಒಬ್ಬೊಬ್ಬ ಎದುರಾಳಿ, ಅವನು ಹೋದಲ್ಲೆಲ್ಲ ಇವನೂ ಹೋಗಬೇಕು. ಇವರೆಲ್ಲರ ಹಿಂದೆ ಯಾರನ್ನೂ ಹಿಂಬಾಲಿಸದ ಒಬ್ಬ ಆಟಗಾರ, ಲಿಬೆರೊ. ಯಾರಾದರೂ ತಪ್ಪಿಸಿಕೊಂಡು ಬಂದರೆ ಹಿಡಿಯೋದು ಅವನ ಕೆಲಸ.

ತ್ರಿಯೆಸ್ತೆಯಲ್ಲಿ ಹುಟ್ಟಿದ ಚೆಜಾರೆ 1954ರಲ್ಲಿ ಮಿಲಾನ್‌ಗೆ ಬಂದ. ಕೋಚ್ ನೆರೆಯೊ ರೊಕ್ಕೊ ಅವರ ಟೀಮಿಗೆ ಅವನೇ ಕ್ಯಾಪ್ಟನ್. 1963ರ ಮೇ 22ರಂದು ಲಂಡನ್ನಿನ ವೆಂಬ್ಲಿಯಲ್ಲಿ ಬೆನ್‌ಫಿಕಾವನ್ನು 2-1ರಿಂದ ಸೋಲಿಸಿ ಮಿಲಾನ್ ಮೊದಲ ಸಲ ಯುರೋಪಿಯನ್ ಕಪ್ ಎತ್ತಿದಾಗ ಕಪ್ ಇದ್ದದ್ದು ಅವನ ಕೈಯಲ್ಲಿ. ಚೆಜಾರೆ ಬಾಲನ್ನು ಸುಮ್ಮನೆ ದೂರ ಒದೆಯುವ ಜಾತಿಯವನಲ್ಲ, ನೆಮ್ಮದಿಯಾಗಿ ಆಡಿ ಹೊರಗೆ ತರುತ್ತಿದ್ದ. ಕೆಲವೊಮ್ಮೆ ಆ ಅತಿ ನಂಬಿಕೆಯೇ ಕೈಕೊಡ್ತಿತ್ತು. ಅಂಥ ಎಡವಟ್ಟುಗಳಿಗೆ ಇಟಲಿಯ ಪತ್ರಕರ್ತರು 'ಮಾಲ್ಡಿನಾತೆ' ಅಂತ ಅವನ ಹೆಸರಿನಿಂದಲೇ ಒಂದು ಪದ ಮಾಡಿಬಿಟ್ಟರು. ಯುರೋಪ್ ಗೆದ್ದ ಕ್ಯಾಪ್ಟನ್ನಿನ ಹೆಸರನ್ನೂ ತಪ್ಪಿಗೆ ಇಟ್ಟರು ನೋಡಿ. ಡಿಫೆಂಡರ್‌ಗಳ ಕಥೆ ಇಷ್ಟೇ.

ಫ್ರಾಂಕೊ ಬರೇಸಿ: 6 ನಂಬರ್

ಬರೇಸಿ 1960ರಲ್ಲಿ ಬ್ರೆಶಿಯಾ ಪಕ್ಕದ ತ್ರವಾಲ್ಯಾತೊ ಎಂಬ ಊರಿನಲ್ಲಿ ಹುಟ್ಟಿದವನು. ಅಣ್ಣ ಜುಸೆಪ್ಪೆಯನ್ನು ಇಂಟರ್ ಮಿಲಾನ್ ತಗೊಂಡಿತು, ತಮ್ಮನನ್ನು ತೀರಾ ಸಣ್ಣಗಿದ್ದಾನೆ ಅಂತ ಬೇಡ ಅಂದಿತು. ತಮ್ಮ ಅದೇ ಊರಿನ ಇನ್ನೊಂದು ಕ್ಲಬ್ಬಿಗೆ ಹೋದ. 1978ರಲ್ಲಿ, 17ನೇ ವಯಸ್ಸಿನಲ್ಲಿ ಮೊದಲ ಮ್ಯಾಚ್. ಮುಂದಿನ ಸೀಸನ್‌ನಲ್ಲೇ ಲೀಗ್ ಗೆದ್ದ.

ಆಮೇಲೆ ಕೆಟ್ಟ ಕಾಲ ಶುರು. 1980ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದ ಶಿಕ್ಷೆಯಾಗಿ ಮಿಲಾನನ್ನು ಎರಡನೇ ಡಿವಿಷನ್ನಿಗೆ ತಳ್ಳಿದರು. ಗೆದ್ದು ಮೇಲೆ ಬಂದ ಕ್ಲಬ್, 1982ರಲ್ಲಿ ಸರಿಯಾಗಿ ಆಡಲಾಗದೆ ಮತ್ತೆ ಕೆಳಗೆ ಬಿತ್ತು. ಅದೇ ವರ್ಷ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿ ಬರೇಸಿ ಇದ್ದ, ಆಡುವ ಅವಕಾಶ ಸಿಗಲಿಲ್ಲ ಅಷ್ಟೇ. ದೊಡ್ಡ ಕ್ಲಬ್ಬಿಗೆ ಹಾರಬಹುದಿತ್ತು. ಹಾರಲಿಲ್ಲ. 22ನೇ ವಯಸ್ಸಿಗೆ ಕ್ಯಾಪ್ಟನ್ ಆಗಿ ಎರಡನೇ ಡಿವಿಷನ್ನಿನಲ್ಲೇ ಆಡಿದ.

1987ರಲ್ಲಿ ಅರಿಗೊ ಸಾಕ್ಕಿ ಕೋಚ್ ಆಗಿ ಬಂದರು. ಸಾಕ್ಕಿ ಯಾವತ್ತೂ ವೃತ್ತಿಪರ ಆಟಗಾರ ಆಗಿರಲಿಲ್ಲ, ಹಿಂದೆ ಶೂ ಮಾರುತ್ತಿದ್ದವರು. ಅವರು ಅಗುಳಿಯನ್ನೇ ಕಿತ್ತುಹಾಕಿದರು. ಲಿಬೆರೊ ಬೇಡ, ಮನುಷ್ಯನನ್ನು ಹಿಂಬಾಲಿಸೋದೂ ಬೇಡ. ನಾಲ್ಕು ಜನ ಒಂದೇ ಸಾಲಿನಲ್ಲಿ ನಿಲ್ಲಬೇಕು, ಬಾಲ್ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಸಾಲು ಒಟ್ಟಾಗಿ ಮುಂದೆ, ಹಿಂದೆ, ಪಕ್ಕಕ್ಕೆ ಸರಿಯಬೇಕು. ಸಾಲು ಮೇಲಕ್ಕೆ ಬಂದಷ್ಟೂ ಎದುರಾಳಿಗೆ ಆಡೋಕೆ ಜಾಗ ಕಮ್ಮಿ. ಸಾಲಿನ ಹಿಂದಿರುವ ಖಾಲಿ ಜಾಗವನ್ನು ಕಾಯೋದು ಆಫ್‌ಸೈಡ್ ನಿಯಮ. ಆದರೆ ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ತಡ ಮಾಡಿದರೂ ಎಲ್ಲ ಮುಗೀತು.

ಆ ಹೆಜ್ಜೆ ಯಾವಾಗ ಇಡಬೇಕು ಅಂತ ನಿರ್ಧರಿಸುತ್ತಿದ್ದವನು ಬರೇಸಿ. ಬಲಗಡೆ ಮೌರೊ ತಸ್ಸೊತ್ತಿ, ಎಡಗಡೆ ಪಾವ್ಲೊ ಮಾಲ್ಡೀನಿ, ಪಕ್ಕದಲ್ಲಿ ಅಲೆಸ್ಸಾಂಡ್ರೊ ಕೋಸ್ಟಾಕೂರ್ಟಾ ಅಥವಾ ಫಿಲಿಪ್ಪೊ ಗಾಲ್ಲಿ. ಬರೇಸಿಯ ಎತ್ತರ 1.76 ಮೀಟರ್ ಮಾತ್ರ. ಅವನ ಕೈ ಮೇಲೆ ಹೋಯ್ತು ಅಂದರೆ ಸಾಲು ಮುಂದೆ ಬಂದಾಗಿದೆ, ಲೈನ್ಸ್‌ಮನ್ ಬಾವುಟವೂ ಎದ್ದಿದೆ ಅಂತಲೇ ಲೆಕ್ಕ.

ಸಾಕ್ಕಿ ಹೇಳುತ್ತಿದ್ದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಗೋಲ್‌ಕೀಪರ್ ಮತ್ತು ನಾಲ್ಕು ಡಿಫೆಂಡರ್‌ಗಳು ಒಂದು ಕಡೆ. ಗುಲಿಟ್, ವ್ಯಾನ್ ಬಾಸ್ಟೆನ್, ರೈಕಾರ್ಡ್ ಎಲ್ಲ ಸೇರಿ ಹತ್ತು ಜನ ಇನ್ನೊಂದು ಕಡೆ. ಹದಿನೈದು ನಿಮಿಷ ಟೈಮ್. ಹತ್ತು ಜನಕ್ಕೆ ಒಂದೇ ನಿಯಮ: ಬಾಲ್ ಕಳೆದುಕೊಂಡರೆ ತಮ್ಮ ಅರ್ಧಕ್ಕೆ ಹೋಗಿ ಮತ್ತೆ ಶುರು ಮಾಡಬೇಕು. ಎಷ್ಟು ಸಲ ಆಡಿಸಿದರೂ ಅವರು ಒಂದು ಗೋಲೂ ಹೊಡೆಯಲಿಲ್ಲ ಅಂತ ಸಾಕ್ಕಿ ಹೇಳುತ್ತಿದ್ದರು.

ಸ್ಕೋರ್‌ಬೋರ್ಡ್ ಕೂಡ ಅದನ್ನೇ ಹೇಳುತ್ತೆ. 1987-88ರಲ್ಲಿ ಮಿಲಾನ್ ಲೀಗ್ ಗೆದ್ದಾಗ 30 ಮ್ಯಾಚ್‌ಗಳಲ್ಲಿ ಬಿಟ್ಟುಕೊಟ್ಟದ್ದು 14 ಗೋಲು. 1989 ಮತ್ತು 1990ರಲ್ಲಿ ಸತತ ಎರಡು ಯುರೋಪಿಯನ್ ಕಪ್. ಆಮೇಲೆ ಫಾಬಿಯೊ ಕಪೆಲ್ಲೊ ಕೋಚ್ ಆದರು. 1993-94ರಲ್ಲಿ ಮಿಲಾನ್ 34 ಮ್ಯಾಚ್‌ಗಳಲ್ಲಿ ಹೊಡೆದದ್ದು ಬರೀ 36 ಗೋಲು, ಬಿಟ್ಟದ್ದು 15. ಮ್ಯಾಚಿಗೆ ಒಂದು ಚಿಲ್ಲರೆ ಗೋಲು ಹೊಡೆದು ಲೀಗ್ ಗೆದ್ದರು! ಆ ಸೀಸನ್ನಿನಲ್ಲಿ ಗೋಲ್‌ಕೀಪರ್ ಸೆಬಾಸ್ಟಿಯಾನೊ ರೊಸ್ಸಿ 929 ನಿಮಿಷ ಒಂದೂ ಗೋಲು ಬಿಡಲಿಲ್ಲ. 2016ರವರೆಗೆ ದಾಖಲೆ ರೊಸ್ಸಿ ಹೆಸರಿನಲ್ಲಿತ್ತು, ಪಾಲು ಮುಂದೆ ನಿಂತ ನಾಲ್ವರದ್ದೂ ಇದೆ.

ಅದೇ 1994ರ ವಿಶ್ವಕಪ್ ಅಮೆರಿಕದಲ್ಲಿ, ಇಟಲಿಯ ಕೋಚ್ ಸಾಕ್ಕಿ. ಎರಡನೇ ಮ್ಯಾಚ್‌ನಲ್ಲಿ ನಾರ್ವೆ ಎದುರು ಬರೇಸಿಯ ಮೊಣಕಾಲಿಗೆ ಪೆಟ್ಟಾಗಿ ಆಪರೇಷನ್ ಆಯಿತು. ಅವನ ವಿಶ್ವಕಪ್ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಪೆಟ್ಟಾದ 24 ದಿನಕ್ಕೆ, ಜುಲೈ 17ರ ಮಧ್ಯಾಹ್ನದ ಬಿಸಿಲಿನಲ್ಲಿ, 34 ವರ್ಷದ ಬರೇಸಿ ಬ್ರೆಜಿಲ್ ಎದುರು ಫೈನಲ್ ಆಡಿದ. ರೊಮಾರಿಯೊ, ಬೆಬೆಟೊ ಇಬ್ಬರಿಗೂ 120 ನಿಮಿಷ ಗೋಲು ಸಿಗಲಿಲ್ಲ. ಆಮೇಲೆ ಇಟಲಿಯ ಮೊದಲ ಪೆನಾಲ್ಟಿ ತೆಗೆದುಕೊಳ್ಳಲು ಅವನೇ ಹೋದ. ಬಾಲ್ ಕ್ರಾಸ್‌ಬಾರ್ ಮೇಲೆ ಹೋಯಿತು. ಇಟಲಿ ಸೋತಿತು, ಬರೇಸಿ ಮೈದಾನದಲ್ಲೇ ಅತ್ತ. ಜನ ನೆನಪಿಟ್ಟುಕೊಂಡದ್ದು ಬ್ಯಾಜಿಯೊ ಮಿಸ್ ಮಾಡಿದ ಕೊನೆಯ ಪೆನಾಲ್ಟಿ ಮತ್ತು ಬರೇಸಿಯ ಕಣ್ಣೀರು. ಆ 120 ನಿಮಿಷವನ್ನು ನೆನಪಿಟ್ಟುಕೊಂಡವರು ಕಡಿಮೆ. ನನಗೆ ಇದನ್ನು ನೋಡಿ ಸ್ವಲ್ಪ ಸಿಟ್ಟೇ ಬಂತು.

ಕೋಸ್ಟಾಕೂರ್ಟಾ: ಪಕ್ಕದವನು

ಬರೇಸಿಯ ಪಕ್ಕದಲ್ಲಿ ಆಡಿದವನನ್ನು ಎಲ್ಲರೂ ಮರೀತಾರೆ. ಕೋಸ್ಟಾಕೂರ್ಟಾ ಏಳು ಲೀಗ್, ಐದು ಯುರೋಪಿಯನ್ ಕಪ್ ಗೆದ್ದ ಟೀಮುಗಳಲ್ಲಿದ್ದ. 1994 ಅವನ ಪಾಲಿಗೆ ವಿಚಿತ್ರ ವರ್ಷ: ಕಾರ್ಡ್‌ಗಳಿಂದಾಗಿ ಚಾಂಪಿಯನ್ಸ್ ಲೀಗ್ ಫೈನಲ್ಲೂ ತಪ್ಪಿತು, ವಿಶ್ವಕಪ್ ಫೈನಲ್ಲೂ ತಪ್ಪಿತು. ಆದರೂ ಆಡುತ್ತಲೇ ಹೋದ. 2007ರಲ್ಲಿ, 41ನೇ ವಯಸ್ಸಿನಲ್ಲಿ, ತನ್ನ ಕೊನೆಯ ಮ್ಯಾಚ್‌ನಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದು ನಿವೃತ್ತನಾದ. ವೇಗದ ಮೇಲೆ ನಿಂತ ಆಟವಾಗಿದ್ದರೆ ಅಷ್ಟು ವಯಸ್ಸಿನವರೆಗೆ ನಡೀತಿರಲಿಲ್ಲ. ಜಾಗ ಓದುವ ಆಟ, ಆದ್ದರಿಂದ ನಡೀತು.

ಪಾವ್ಲೊ ಮಾಲ್ಡೀನಿ: ಮಗ

ಇಲ್ಲಿ ಒಂದು ವಾದ ಬರುತ್ತೆ. ಮಾಲ್ಡೀನಿ ಲೆಫ್ಟ್ ಬ್ಯಾಕ್ ಅಲ್ವಾ, ಈ ಪಟ್ಟಿಯಲ್ಲಿ ಯಾಕೆ? ನಿಜ, ಬಲಗಾಲಿನವನಾದರೂ ಎಡಗಡೆಯೇ ಅವನು ಹೆಸರು ಮಾಡಿದ್ದು. ಆದರೆ 1994ರ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಬರೇಸಿ, ಕೋಸ್ಟಾಕೂರ್ಟಾ ಇಬ್ಬರಿಗೂ ಆಡುವಂತಿರಲಿಲ್ಲ. ಎದುರಿಗೆ ಕ್ರೈಫ್ ಅವರ ಬಾರ್ಸಿಲೋನಾ, ಎಲ್ಲರ ಫೇವರಿಟ್. ಮಾಲ್ಡೀನಿಯನ್ನು ನಡುವಿಗೆ ತಂದು ಗಾಲ್ಲಿಯ ಜೊತೆ ನಿಲ್ಲಿಸಿದರು. ಮಿಲಾನ್ 4-0ಯಿಂದ ಗೆದ್ದಿತು. 2003 ಮತ್ತು 2007ರ ಫೈನಲ್‌ಗಳಲ್ಲೂ ಅವನು ಸೆಂಟರ್ ಬ್ಯಾಕ್, ಕ್ಯಾಪ್ಟನ್, ಎರಡೂ ಸಲ ಗೆಲುವು. 2003ರ ಕಪ್ ಎತ್ತಿದ್ದು ಇಂಗ್ಲೆಂಡಿನಲ್ಲೇ, ಮ್ಯಾಂಚೆಸ್ಟರ್‌ನಲ್ಲಿ, ಅಪ್ಪ ಎತ್ತಿ ಸರಿಯಾಗಿ 40 ವರ್ಷದ ಮೇಲೆ.

1985ರ ಜನವರಿಯಲ್ಲಿ 16ರ ಹುಡುಗನಾಗಿ ಶುರು ಮಾಡಿ 2009ರವರೆಗೆ ಒಂದೇ ಕ್ಲಬ್ಬಿಗೆ 902 ಮ್ಯಾಚ್. 2005ರ ಇಸ್ತಾಂಬುಲ್ ಫೈನಲ್ ಕೂಡ ಅವನದೇ ಲೆಕ್ಕಕ್ಕೆ ಸೇರುತ್ತೆ: ಮೊದಲ ನಿಮಿಷದಲ್ಲೇ ಗೋಲು ಹೊಡೆದ, 3-0 ಮುಂದಿದ್ದರು, ಲಿವರ್‌ಪೂಲ್ ಆರು ನಿಮಿಷದಲ್ಲಿ ಮೂರು ಗೋಲು ವಾಪಸ್ ಹೊಡೆದು ಪೆನಾಲ್ಟಿಯಲ್ಲಿ ಗೆದ್ದಿತು. ಜಗತ್ತಿನ ಅತ್ಯುತ್ತಮ ಡಿಫೆನ್ಸ್ ಕೂಡ ಆರು ನಿಮಿಷ ಸಾಲು ತಪ್ಪಬಹುದು.

ನೆಸ್ಟಾ ಮತ್ತು ತಿಯಾಗೊ ಸಿಲ್ವಾ

2002ರ ಆಗಸ್ಟ್ ಕೊನೆಯ ದಿನ ಲಾಜಿಯೊ ಕ್ಯಾಪ್ಟನ್ ಅಲೆಸ್ಸಾಂಡ್ರೊ ನೆಸ್ಟಾ ಮಿಲಾನ್‌ಗೆ ಬಂದ. ಟ್ಯಾಕಲ್ ಮುಖ್ಯ ಅಲ್ಲ ಅಂತ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಇವನೇ ಅಡ್ಡಿ. ಯಾಕೆಂದರೆ ನೆಸ್ಟಾನ ಸ್ಲೈಡಿಂಗ್ ಟ್ಯಾಕಲ್ ನೋಡೋಕೇ ಚೆಂದ. ನಿಧಾನಕ್ಕೆ ಹಿಂದೆ ಸರಿಯುತ್ತಾ, ಸ್ಟ್ರೈಕರ್‌ಗೆ ಒಂದೇ ದಾರಿ ಉಳಿಸಿ, ಅವನು ಬಾಲನ್ನು ಕಾಲಿನಿಂದ ಸ್ವಲ್ಪ ದೂರ ತಳ್ಳಿದ ಕ್ಷಣಕ್ಕೆ ಇಳೀತಾನೆ. ಎರಡು ಮೂರು ಸಲ ನೋಡಿದ ಮೇಲೆ ನನಗೆ ಅರ್ಥ ಆದದ್ದು, ಟ್ಯಾಕಲ್ ಚೆಂದ ಆಗೋದು ಅದಕ್ಕೂ ಮುಂಚಿನ ಮೂರು ಸೆಕೆಂಡಿನಲ್ಲಿ.

ಕೊನೆಗೆ ತಿಯಾಗೊ ಸಿಲ್ವಾ. ಮೂರೇ ಸೀಸನ್ ಇದ್ದ. 2010-11ರಲ್ಲಿ ನೆಸ್ಟಾ ಜೊತೆ ನಿಂತು 38 ಮ್ಯಾಚ್‌ಗಳಲ್ಲಿ 24 ಗೋಲು ಮಾತ್ರ ಬಿಟ್ಟು ಲೀಗ್ ಗೆದ್ದರು. 2012ರ ಬೇಸಿಗೆಯಲ್ಲಿ ನೆಸ್ಟಾ ಹೋದ, ಸಿಲ್ವಾನನ್ನು ಪ್ಯಾರಿಸ್‌ಗೆ ಮಾರಿದರು. ಮುಂದಿನ ಲೀಗ್ ಗೆಲುವಿಗೆ ಮಿಲಾನ್ 2022ರವರೆಗೆ ಕಾಯಬೇಕಾಯಿತು. ಕಾರಣ ಬೇರೆಯವೂ ಇವೆ, ಆದರೆ ನಡುವಿನ ಆ ಎರಡು ಕಂಬ ತೆಗೆದದ್ದು ಸಣ್ಣ ಕಾರಣ ಅಲ್ಲ.

ನನ್ನ ಪಟ್ಟಿ

ಕಾಲ ಬೇರೆ ಬೇರೆ, ಹಾಗಾಗಿ ಹೋಲಿಕೆ ಸುಲಭ ಅಲ್ಲ. 1990ರವರೆಗೆ ಡಿಫೆಂಡರ್‌ನ ಸಮಕ್ಕೆ ನಿಂತ ಸ್ಟ್ರೈಕರ್ ಕೂಡ ಆಫ್‌ಸೈಡ್, ಆಮೇಲೆ ಅಲ್ಲ. 1992ರವರೆಗೆ ಗೋಲ್‌ಕೀಪರ್‌ಗೆ ಹಿಂದಕ್ಕೆ ಪಾಸ್ ಕೊಟ್ಟರೆ ಅವನು ಕೈಯಲ್ಲಿ ಹಿಡಿಯಬಹುದಿತ್ತು, ಆಮೇಲೆ ಇಲ್ಲ. ಬರೇಸಿಗೆ ಹಳೆಯ ನಿಯಮಗಳ ಅನುಕೂಲ ಇತ್ತು ಅಂತ ನೀವು ಹೇಳಬಹುದು. ಆದರೆ 15 ಗೋಲಿನ ಆ ಸೀಸನ್ ಎರಡೂ ನಿಯಮ ಬದಲಾದ ಮೇಲಿನದು.

ಹಾಗಾಗಿ: 1. ಬರೇಸಿ. 2. ಪಾವ್ಲೊ ಮಾಲ್ಡೀನಿ. 3. ನೆಸ್ಟಾ. 4. ಕೋಸ್ಟಾಕೂರ್ಟಾ. 5. ಚೆಜಾರೆ ಮಾಲ್ಡೀನಿ. 6. ತಿಯಾಗೊ ಸಿಲ್ವಾ. ಮಾಲ್ಡೀನಿ ಬರೇಸಿಗಿಂತ ದೊಡ್ಡ ಡಿಫೆಂಡರ್ ಅಂದರೆ ಒಪ್ಪುತ್ತೇನೆ. ಆದರೆ ಸೆಂಟರ್ ಬ್ಯಾಕ್ ಅಂದಾಗ, ತಾನು ಸರಿಯಾಗಿ ನಿಲ್ಲೋದರ ಜೊತೆಗೆ ಉಳಿದ ಮೂವರನ್ನೂ ಸರಿಯಾಗಿ ನಿಲ್ಲಿಸಿದವನಿಗೆ ನನ್ನ ಓಟು. 1997ರಲ್ಲಿ ಬರೇಸಿ ನಿವೃತ್ತನಾದಾಗ ಮಿಲಾನ್ 6 ನಂಬರ್ ಜರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಎತ್ತಿಟ್ಟಿತು.

ಹೋದ ಭಾನುವಾರ ನಮ್ಮ ಗ್ರೌಂಡಿನಲ್ಲಿ ಎದುರಿನ ಟೀಮಿನ ಒಬ್ಬ ಸೀನಿಯರ್ ಬಾಲ್ ತಗೊಂಡು ನೇರ ಬಂದ. ನಾನು ಎಂದಿನಂತೆ ಕಾಲು ಚಾಚೋಕೆ ಹೋಗದೆ ಎರಡು ಹೆಜ್ಜೆ ಹಿಂದೆ ಸರಿದು, ಒಳಗಿನ ದಾರಿಗೆ ಅಡ್ಡ ನಿಂತೆ. ಅವನು ಒಂದು ಕ್ಷಣ ನೋಡಿದ, ಬಾಲನ್ನು ಹಿಂದಕ್ಕೆ ಪಾಸ್ ಮಾಡಿದ. ಅಷ್ಟೇ. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಯಾರಿಗೂ ಏನೂ ಕಾಣಲೇ ಇಲ್ಲ. ನನಗೆ ಮಾತ್ರ ರಾತ್ರಿ ಊಟದವರೆಗೂ ಖುಷಿ ಇತ್ತು.

ಪಟ್ಟಿ ಒಪ್ಪದವರು ಸಂಜೆ ಐದಕ್ಕೆ ಗ್ರೌಂಡಿಗೆ ಬನ್ನಿ. ನಾನು ಹಿಂದೆ ಇರ್ತೀನಿ.