ನೆಲಕ್ಕೆ ಹಬೆ ಕೊಟ್ಟರು

ನಾವೆಲ್ಲ ಇಡ್ಲಿ ಬೇಯಿಸುತ್ತೇವೆ. ಬೆಂದ ಮೇಲೆ ಮುಚ್ಚಳ ತೆಗೆದು ನೋಡಿ. ಒಳಗೆಲ್ಲ ಹನಿ ಹನಿ ನೀರು. ಈ ನೀರು ಅಲ್ಲಿಗೆ ಹೇಗೆ ಬಂತು? ತಳದ ನೀರು ಕಾದು ಹಬೆಯಾಯಿತು. ಹಬೆ ಮೇಲೆ ಹೋಯಿತು. ಮುಚ್ಚಳ ತಣ್ಣಗಿತ್ತು. ಮುಟ್ಟಿದ ಕೂಡಲೇ ಹಬೆ ಮತ್ತೆ ನೀರಾಯಿತು. ಈ ಹನಿಯನ್ನು ನೆನಪಿಡೋಣ. ಮುಂದೆ ಬೇಕಾಗುತ್ತದೆ.

ಅಮೆರಿಕ ದೇಶದ ಕ್ಯಾಲಿಫೋರ್ನಿಯಾದಲ್ಲಿ ವೈಸೇಲಿಯಾ ಎಂಬ ಊರಿದೆ. ಅಲ್ಲಿ ಕರೆಂಟು ಕಂಬ ತಯಾರಿಸುವ ಜಾಗ ಒಂದಿತ್ತು. ಮರದ ಕಂಬ. ಗೆದ್ದಲು ಹಿಡಿಯಬಾರದಲ್ಲ? ಅದಕ್ಕೆ ಕ್ರಿಯೋಸೋಟ್ ಎಂಬ ಕಪ್ಪು ಎಣ್ಣೆ ಕುಡಿಸುತ್ತಿದ್ದರು. ಹಳೆಯ ರೈಲು ಹಳಿಯ ಕೆಳಗೆ ಮರದ ದಿಮ್ಮಿ ನೋಡಿದ್ದೀರಾ? ಅದರಿಂದ ಡಾಂಬರಿನಂಥ ವಾಸನೆ ಬರುತ್ತಿತ್ತು. ಅದೂ ಇಂಥ ಎಣ್ಣೆಯದೇ.

1980ರವರೆಗೂ ಅಲ್ಲಿ ಈ ಕೆಲಸ ನಡೆಯಿತು. ಎಣ್ಣೆ ಸೋರಿತು. ಮಣ್ಣಿಗೆ ಇಳಿಯಿತು. ಈ ಎಣ್ಣೆ ನೀರಿಗಿಂತ ಭಾರ. ತೇಲುವುದಿಲ್ಲ, ಮುಳುಗುತ್ತದೆ. 100 ಅಡಿ ಆಳಕ್ಕೂ ಹೋಯಿತು. ಅಂತರ್ಜಲ ಕೆಟ್ಟಿತು. ಕ್ಯಾನ್ಸರ್ ತರಬಲ್ಲ ಎಣ್ಣೆ ಇದು. ಪಂಪು ಹಾಕಿ ವರ್ಷಗಟ್ಟಲೆ ನೀರು ಎತ್ತಿದರು. ನೀರೇನೋ ಬಂತು. ಎಣ್ಣೆ ಮಾತ್ರ ಮಣ್ಣಿಗೆ ಅಂಟಿಕೊಂಡೇ ಇತ್ತು. ಜಿಡ್ಡಿನ ಪಾತ್ರೆಗೆ ತಣ್ಣೀರು ಹಾಕಿದ ಹಾಗೆ.

1997ರಲ್ಲಿ ನೆಲದೊಳಕ್ಕೆ ಹಬೆ ಬಿಟ್ಟರು. ಬಿಸಿಗೆ ಎಣ್ಣೆ ತುಪ್ಪದಂತೆ ಕರಗಿ ತೆಳ್ಳಗಾಯಿತು. ಸ್ವಲ್ಪ ಆವಿಯೂ ಆಯಿತು. ಇಲ್ಲೊಂದು ಸೋಜಿಗವಿದೆ. ಈ ಎಣ್ಣೆ ಒಂದೇ ಇದ್ದರೆ ಕುದಿಯಲು ನೀರಿಗಿಂತ ಬಹಳ ಹೆಚ್ಚು ಶಾಖ ಬೇಕು. ನೀರಿನ ಜೊತೆ ಇದ್ದರೆ ಬೇಡ. ನೀರು ಕುದಿಯುವ ಶಾಖದಲ್ಲೇ ಹಬೆಯ ಜೊತೆ ಎದ್ದು ಬರುತ್ತದೆ. ನೀಲಗಿರಿ ಎಲೆಯಿಂದ ಎಣ್ಣೆ ತೆಗೆಯುವುದೂ ಹೀಗೇ.

ಕಾಯಿಸಿದರೆ ಮುಗಿಯಿತಾ? ಇಲ್ಲ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರ್ ಆಗುತ್ತದೆ. ಅಷ್ಟು ಹಬೆ ಸುಮ್ಮನೆ ಕೂರುತ್ತದೆಯೇ? ಸಂದು ಹುಡುಕಿ ನುಗ್ಗುತ್ತದೆ. ತಣ್ಣನೆಯ ಮಣ್ಣು ಸಿಕ್ಕಿದರೆ ಅಲ್ಲೇ ಹನಿಯಾಗುತ್ತದೆ. ಮುಚ್ಚಳದ ಹನಿ ನೆನಪಿದೆಯಲ್ಲ? ಆದರೆ ಈ ಹನಿಯಲ್ಲಿ ವಿಷವಿದೆ. ಶುದ್ಧವಾಗಿದ್ದ ಮಣ್ಣೂ ಕೆಡುತ್ತದೆ. ಮೇಲೆ ಬಂದರೆ ನಾವು ಉಸಿರಾಡುವ ಗಾಳಿಗೇ ಸೇರುತ್ತದೆ.

ಅದಕ್ಕೇ ವೈಸೇಲಿಯಾದಲ್ಲಿ ಹಬೆಯನ್ನು ಹೊರಗಿನ ಸುತ್ತಿನಿಂದ ಬಿಟ್ಟರು. ಸುತ್ತಲೂ ಹಬೆಯ ಬಾವಿ, ನಡುವೆ ಎಳೆಯುವ ಬಾವಿ. ದನಗಳನ್ನು ಸುತ್ತುವರಿದು ದೊಡ್ಡಿಗೆ ಹೊಡೆಯುತ್ತೇವಲ್ಲ, ಹಾಗೆ. ವಿಷ ಹೊರಗೆ ತಪ್ಪಿಸಿಕೊಳ್ಳಲಿಲ್ಲ, ನಡುವಿಗೇ ಬಂತು. ಆಗಾಗ ಹಬೆ ನಿಲ್ಲಿಸುತ್ತಿದ್ದರು. ಒಲೆಯಿಂದ ಇಳಿಸಿದ ಕುಕ್ಕರಿನ ವೆಯ್ಟ್ ಎತ್ತಿದರೆ ಬೇಳೆ ಉಕ್ಕುತ್ತದೆ ಅಲ್ವಾ? ಒತ್ತಡ ಇಳಿದಾಗ ಬಿಸಿನೀರು ತಾನಾಗಿ ಕುದಿಯುತ್ತದೆ. ಮಣ್ಣಿನ ಸಣ್ಣ ಸಣ್ಣ ಸಂದಿನಲ್ಲೂ ಹಾಗೇ ಕುದಿದು, ಅವಿತಿದ್ದ ಎಣ್ಣೆ ಹೊರಬಿತ್ತು. ಹೊರಬಂದ ಆವಿಯನ್ನು ತಣ್ಣಗೆ ಮಾಡಿ, ಎಣ್ಣೆ ಬೇರೆ, ನೀರು ಬೇರೆ ಮಾಡಿದರು.

ಅಕ್ಕಂದಿರೇ, ಇಲ್ಲಿ ನಮ್ಮ ಮನೆಯ ಮಾತೊಂದಿದೆ. ನೀರು ಕುದಿಸಿ ಕುಡಿಯಿರಿ ಎಂದು ನಾವೇ ಹೇಳುತ್ತೇವೆ. ರೋಗಾಣು ಸಾಯಲು ಅದು ಸರಿ. ಬಾವಿಯ ನೀರಿಗೆ ಪೆಟ್ರೋಲ್, ಸೀಮೆಎಣ್ಣೆ ವಾಸನೆ ಬಂದರೆ ಮಾತ್ರ ಕುದಿಸಬೇಡಿ. ಆವಿ ಅಡುಗೆಮನೆ ತುಂಬುತ್ತದೆ. ಒಲೆಯ ಮುಂದೆ ಕೂತವರು ಅದನ್ನೇ ಉಸಿರಾಡಬೇಕು. ಬೆಂಕಿ ಹತ್ತುವ ಭಯವೂ ಇದೆ. ಆ ನೀರು ಬಳಸುವುದನ್ನು ನಿಲ್ಲಿಸಿ, ಪಂಚಾಯಿತಿಗೆ ತಿಳಿಸಿ. ಬಾವಿಯ ಹತ್ತಿರ ಬೆಂಕಿ ಕಡ್ಡಿ ಗೀರಬೇಡಿ.

ವೈಸೇಲಿಯಾದಲ್ಲಿ ಹಬೆ ಬಿಡುವ ಕೆಲಸ 2000ದಲ್ಲಿ ಮುಗಿಯಿತು. ಸುಮಾರು ಮೂರು ವರ್ಷ. ಅಷ್ಟರಲ್ಲಿ ಸುಮಾರು 6 ಲಕ್ಷ ಕಿಲೋ ವಿಷ ನೆಲದಿಂದ ಹೋಯಿತು. ಆಮೇಲೂ ವರ್ಷಗಳ ಕಾಲ ನೀರು ಪರೀಕ್ಷೆ ಮಾಡಿದರು. ಅಪಾಯದ ಜಾಗಗಳ ಸರಕಾರಿ ಪಟ್ಟಿಯಿಂದ ಅದರ ಹೆಸರು ತೆಗೆದದ್ದು 2009ರಲ್ಲಿ.