ಹೆದರಿಕೆಯನ್ನೂ ದೇವರಿಗೇ ಹೇಳು

ಮಗೂ,

ಅಪ್ಪನ ಡಯಾಲಿಸಿಸ್, ಬೆಂಗಳೂರಿನಲ್ಲಿ ಕೈಬಿಟ್ಟುಹೋದ ಕೆಲಸ, ಮನೆ ಸಾಲದ ಕಂತು. ಇವೆಲ್ಲವನ್ನೂ ನೀನು ಹೇಗೋ ತಡೆದುಕೊಂಡಿದ್ದೀಯ. ನಿನ್ನನ್ನು ಒಳಗಿಂದ ಕೊರೆಯುತ್ತಿರುವುದು ಯಾರೋ ಆಡಿದ ಒಂದು ಮಾತು. ನಿಜವಾದ ವಿಶ್ವಾಸಿಗೆ ಭಯ ಇರಬಾರದಂತೆ. ರಾತ್ರಿ ಎದೆ ಹೊಡೆದುಕೊಂಡರೆ ನಂಬಿಕೆಯಲ್ಲೇ ಏನೋ ಕೊರತೆಯಂತೆ. ಆ ಮಾತನ್ನು ಮೊದಲು ಮನಸ್ಸಿನಿಂದ ಕಿತ್ತುಹಾಕು. ಹೇಳಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸತ್ಯವೇದದಲ್ಲಿ ನನಗೆ ಅದಕ್ಕೆ ಆಧಾರ ಸಿಕ್ಕಿಲ್ಲ.

ಶುಭ ಶುಕ್ರವಾರದ ಹಿಂದಿನ ರಾತ್ರಿ ನಾವು ಗೆತ್ಸೇಮನೆಯ ಭಾಗ ಓದುತ್ತೇವಲ್ಲ, ಅದನ್ನು ಒಮ್ಮೆ ನಿಧಾನವಾಗಿ ಓದು. ಯೇಸು ತನ್ನ ಮೂವರು ಶಿಷ್ಯರಿಗೆ ಪ್ರಾಣ ಹೋಗುವಷ್ಟು ದುಃಖವಾಗಿದೆ ಎಂದು ಬಾಯಿಬಿಟ್ಟು ಹೇಳಿದ. ಎಚ್ಚರವಾಗಿ ಜೊತೆಗಿರಿ ಎಂದು ಕೇಳಿಕೊಂಡ. ಈ ಪಾತ್ರೆ ನನ್ನಿಂದ ತೊಲಗಲಿ ಎಂದು ತಂದೆಯನ್ನು ಒಂದು ಸಲವಲ್ಲ, ಮೂರು ಸಲ ಬೇಡಿದ. ಆತನ ಬೆವರು ರಕ್ತದ ಹನಿಗಳಂತೆ ಬೀಳುತ್ತಿತ್ತೆಂದು ಲೂಕ ಬರೆದಿದ್ದಾನೆ. ತಮ್ಮ ಗುರು ನಡುಗಿದ್ದನ್ನು ಬರೆದಿಟ್ಟು ಶಿಷ್ಯರಿಗೆ ಆಗಬೇಕಾದ್ದೇನೂ ಇರಲಿಲ್ಲ. ನಡೆದದ್ದು ಹಾಗೆ, ಅದಕ್ಕೇ ಬರೆದರು. ಭಯವೇ ಅಪನಂಬಿಕೆಯಾದರೆ ಆ ರಾತ್ರಿಯನ್ನು ಎಲ್ಲಿ ಇಡುತ್ತೀ?

ಕೀರ್ತನೆಗಳನ್ನೂ ನೋಡು. ನೂರೈವತ್ತರಲ್ಲಿ ಸುಮಾರು ಮೂರನೆಯ ಒಂದು ಪಾಲು ಮೊರೆಗಳೇ. ಹದಿಮೂರನೆಯದು ಎಷ್ಟರ ತನಕ ಎಂದು ಮತ್ತೆ ಮತ್ತೆ ಕೇಳುತ್ತದೆ. ಎಂಬತ್ತೆಂಟನೆಯದರಲ್ಲಿ ಕೊನೆಗೂ ಸಮಾಧಾನ ಬರುವುದಿಲ್ಲ, ಕತ್ತಲೆಯಲ್ಲೇ ಅದು ನಿಂತುಹೋಗುತ್ತದೆ. ಅಂಥದ್ದನ್ನು ನಮ್ಮ ಹಿರಿಯರು ತೆಗೆದುಹಾಕದೆ ಉಳಿಸಿಕೊಂಡು ಬಂದದ್ದು ದೊಡ್ಡ ಉಪಕಾರ. ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಪಕ್ಕ ಕೂತು ಪ್ರಾರ್ಥನೆ ಮಾಡಿದವಳು ನಾನು. ತುಂಬಾ ನೊಂದವರಿಗೆ ಸಂತೋಷದ ಕೀರ್ತನೆ ಓದಿದರೆ ಮುಖ ಗೋಡೆಯ ಕಡೆ ತಿರುಗುತ್ತದೆ. ಎಂಬತ್ತೆಂಟನೆಯದು ಓದಿದಾಗ ಅವರು ನನ್ನ ಕೈ ಹಿಡಿದುಕೊಂಡದ್ದುಂಟು. ಆ ಕೀರ್ತನೆ ಬರೆದವನು ದೇವರ ಮೇಲೆ ದೂರು ಹೇಳುತ್ತಾನೆ, ಆದರೆ ದೂರನ್ನು ದೇವರ ಹತ್ತಿರವೇ ಹೇಳುತ್ತಾನೆ. ನಂಬಿಕೆ ಎಂದರೆ ನನ್ನ ಮಟ್ಟಿಗೆ ಇಷ್ಟೇ: ಮಾತು ನಿಲ್ಲಿಸದಿರುವುದು. ನಿನಗೆ ಪ್ರಾರ್ಥನೆಯ ಭಾಷೆ ಬಾರದಿದ್ದರೆ ಬೇಡ. 'ಕರ್ತನೇ, ಈ ತಿಂಗಳ ಕಂತು ಹೇಗೆ ಕಟ್ಟಲಿ, ಅಪ್ಪ ಉಳಿಯುತ್ತಾರೋ ಇಲ್ಲವೋ, ನನಗೆ ಹೆದರಿಕೆಯಾಗುತ್ತಿದೆ' ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದರೂ ಅದು ಪ್ರಾರ್ಥನೆಯೇ.

ಇನ್ನು ಎಲೀಯನ ಮಾತು. ಸಂಡೇಸ್ಕೂಲಿನಲ್ಲಿ ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿದ ಕಥೆಯನ್ನು ನಿಮಗೆಲ್ಲ ಹೇಳಿಕೊಟ್ಟಿದ್ದೇವೆ, ಅದರ ಮುಂದಿನ ಅಧ್ಯಾಯವನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ. ಅಷ್ಟು ದೊಡ್ಡ ಜಯವಾದ ಮೇಲೆ ಈಜೆಬೆಲಳ ಒಂದು ಬೆದರಿಕೆಗೆ ಅವನು ಪ್ರಾಣ ಉಳಿಸಿಕೊಳ್ಳಲು ಓಡಿದ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಬ್ಬನೇ ಒಂದು ದಿನದ ದಾರಿ ಅಡವಿಗೆ ನಡೆದು, ಒಂದು ಗಿಡದ ಕೆಳಗೆ ಕೂತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದ. ದೇವರು ಅವನನ್ನು ಬೈಯಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟನು. ಆಮೇಲೆ ದೂತನ ಕೈಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬ ಕಾರಣಕ್ಕೆ. ಹೋರೇಬ್ ಬೆಟ್ಟ, ಗಾಳಿ, ಭೂಕಂಪ, ಬೆಂಕಿ, ಆ ಮೆಲುದನಿ, ಎಲ್ಲ ಆಮೇಲೆ. ಮೊದಲು ನಿದ್ದೆ, ಊಟ.

ನೀನು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಅಮ್ಮ ನನಗೆ ಹೇಳಿದ್ದಾಳೆ. ನಿದ್ದೆ ಬಾರದೆ ಹೋದರೆ, ಬದುಕೇ ಬೇಡ ಅನ್ನಿಸಿದರೆ, ಡಾಕ್ಟರ ಹತ್ತಿರ ಹೋಗು. ಅದೂ ಆ ರೊಟ್ಟಿ-ನೀರಿನ ಸಾಲಿಗೇ ಸೇರಿದ್ದು. ಮದ್ದು ಬಿಟ್ಟುಬಿಡಿ, ಪ್ರಾರ್ಥನೆ ಸಾಕು ಎನ್ನುವವರ ಮಾತಿಗೆ ಅಪ್ಪನ ವಿಷಯದಲ್ಲಂತೂ ಕಿವಿಗೊಡಬೇಡ. ಕಾಣಿಕೆ ಹಾಕಿದರೆ ಅದ್ಭುತ ಆಗುತ್ತದೆ ಎಂದು ದುಡ್ಡಿಗೆ ಮಾತು ಕೊಡುವವರ ಹತ್ತಿರ ಹೋಗಲೇಬೇಡ. ಕೃಪೆಗೆ ಬೆಲೆ ಕಟ್ಟಲು ಅವರಿಗೆ ಅಧಿಕಾರ ಕೊಟ್ಟವರು ಯಾರು?

ಹಾಗಾದರೆ ದೇವರು ಬಿಡಿಸುತ್ತಾನೋ ಇಲ್ಲವೋ ಎಂದು ನೀನು ಕೇಳುತ್ತೀ. ಬಿಡಿಸುತ್ತಾನೆ ಎಂದು ನಿನಗೆ ಗ್ಯಾರಂಟಿ ಬರೆದುಕೊಡಲು ನಾನು ಯಾರು? ನೆಬೂಕದ್ನೆಚ್ಚರನ ಬೆಂಕಿಯ ಕುಲುಮೆಯ ಮುಂದೆ ನಿಂತ ಆ ಮೂವರು ಹುಡುಗರು ನಮ್ಮ ದೇವರು ಬಿಡಿಸಬಲ್ಲನು ಎಂದರು, ಅದೇ ಉಸಿರಿನಲ್ಲಿ ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳೆವು ಎಂದರು. ಕುಲುಮೆಯಿಂದ ಅವರು ಹೊರಬಂದದ್ದನ್ನೇ ನಾವು ಹಾಡುತ್ತೇವೆ. ನನ್ನ ಜೀವಮಾನಕ್ಕೆ ಬೆಳಕು ಕೊಟ್ಟದ್ದು ಆ 'ಬಿಡಿಸದಿದ್ದರೂ'. ಪೌಲನೂ ತನ್ನ ಶರೀರದ ಮುಳ್ಳು ಹೋಗಲೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು.

ಜರ್ಮನಿಯ ಡೀಟ್ರಿಚ್ ಬಾನ್‌ಹಾಫರ್ ಎಂಬ ಪಾದ್ರಿಯನ್ನು ಹಿಟ್ಲರನ ಆಡಳಿತ 1943ರ ಏಪ್ರಿಲ್‌ನಲ್ಲಿ ಹಿಡಿದು ಬರ್ಲಿನ್ನಿನ ಟೇಗೆಲ್ ಜೈಲಿಗೆ ಹಾಕಿತು. 1939ರಲ್ಲಿ ಅವರು ಅಮೆರಿಕದಲ್ಲಿದ್ದರು, ಅಲ್ಲೇ ಸುರಕ್ಷಿತವಾಗಿ ಉಳಿಯಬಹುದಿತ್ತು. ತಮ್ಮ ಜನ ಕಷ್ಟದಲ್ಲಿರುವಾಗ ದೂರ ಉಳಿಯಲಾರೆ ಎಂದು ವಾಪಸು ಬಂದವರು. ಜೈಲಿನಲ್ಲಿ ಬರೆದ ಒಂದು ಕವಿತೆಯಲ್ಲಿ ಅವರು ಮರೆಮಾಚದೆ ಒಪ್ಪಿಕೊಳ್ಳುತ್ತಾರೆ: ನೋಡುವವರಿಗೆ ತಾನು ಶಾಂತ, ಧೀರ; ತನಗೆ ಮಾತ್ರ ಗೊತ್ತು ಒಳಗಿನ ಚಡಪಡಿಕೆ, ದಣಿವು. ಎರಡರಲ್ಲಿ ಯಾವುದು ನಿಜವಾದ ತಾನು ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕುತ್ತಾ ಕೂರಲಿಲ್ಲ, ತಾನು ದೇವರಿಗೆ ಸೇರಿದವನು ಎಂಬಲ್ಲಿಗೆ ಬಂದು ನಿಂತರು. 1945ರ ಏಪ್ರಿಲ್ 9ರಂದು ಫ್ಲಾಸನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ವಯಸ್ಸು 39. ಎರಡು ವಾರ ಕಳೆದು ಅಮೆರಿಕದ ಸೈನ್ಯ ಆ ಶಿಬಿರಕ್ಕೆ ಬಂತು. ಎರಡೇ ವಾರ! ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅದಕ್ಕೆ ನನ್ನಲ್ಲಿ ವಿವರಣೆ ಇಲ್ಲ, ವಿವರಣೆ ಕೊಡಲು ಬರುವವರನ್ನು ನಾನು ನಂಬುವುದೂ ಇಲ್ಲ. ಆದರೂ ಆ ಮನುಷ್ಯನನ್ನು ದೇವರು ಕೈಬಿಟ್ಟನೆಂದು ನನ್ನ ಬಾಯಲ್ಲಿ ಬರುವುದಿಲ್ಲ.

ನಮ್ಮ ಮಂಗಳೂರಿನಲ್ಲೇ, 1834ರಲ್ಲಿ ಬಂದ ಬಾಸೆಲ್ ಮಿಷನ್ ಕಟ್ಟಿದ್ದೆಲ್ಲ 1914ರ ಯುದ್ಧದಲ್ಲಿ ಅಲುಗಾಡಿಹೋಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಹಿಡಿದಿಟ್ಟಿತು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಮಿಷನ್ನಿನ ಕೈತಪ್ಪಿದವು. ಆದರೂ ಭಾನುವಾರದ ಆರಾಧನೆ ನಿಲ್ಲಲಿಲ್ಲ. ಇಲ್ಲಿಯ ಪಾದ್ರಿಗಳು, ಉಪದೇಶಿಗಳು ಸಭೆಗಳನ್ನು ನಡೆಸಿಕೊಂಡು ಹೋದರು. ಮುಂದೇನು ಎಂಬುದು ಅವರಿಗೂ ಕಾಣುತ್ತಿರಲಿಲ್ಲ. ಇಸ್ರಾಯೇಲರಿಗೆ ಅಡವಿಯಲ್ಲಿ ಮನ್ನಾ ಸಿಕ್ಕಿದ್ದೂ ಅಂದಂದಿಗೆ ಬೇಕಾದಷ್ಟೇ. ನಾಳೆಗೆಂದು ಎತ್ತಿಟ್ಟದ್ದು ಹುಳ ಬಿದ್ದು ನಾರಿತು, ಸಬ್ಬತ್ತಿನ ಪಾಲೊಂದನ್ನು ಬಿಟ್ಟು. ನೀನೂ ಮುಂದಿನ ಐದು ವರ್ಷವನ್ನು ಇವತ್ತು ರಾತ್ರಿಯೇ ಹೊರಬೇಡ. ನಾಳೆ ಬ್ಯಾಂಕಿಗೆ ಹೋಗಿ ಕಂತಿಗೆ ಸಮಯ ಕೇಳು, ಅದೊಂದು ಕೆಲಸ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇನ್ನೊಂದು.

ಮತ್ತೆ, ಇದನ್ನೆಲ್ಲ ಒಬ್ಬನೇ ಮಾಡಬೇಡ. ಎಲೀಯ ನಾನೊಬ್ಬನೇ ಉಳಿದಿದ್ದೇನೆ ಎಂದು ಎರಡೆರಡು ಸಲ ಹೇಳಿದ. ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದು ದೇವರು ಹೇಳಿದನು, ಹೊಲ ಉಳುತ್ತಿದ್ದ ಎಲೀಷನನ್ನು ಅವನ ಜೊತೆಗೆ ಕೊಟ್ಟನು. ಡಯಾಲಿಸಿಸ್ ದಿನಗಳಲ್ಲಿ ಅಪ್ಪನ ಜೊತೆ ಸರದಿಯಲ್ಲಿ ಕೂರಲು ಸಭೆಯವರನ್ನು ನಾನು ಕೇಳುತ್ತೇನೆ, ನೀನು ಬೇಡ ಅನ್ನಬಾರದು. ಮೊದಲ ಸರದಿ ನನ್ನದು. ಯಾವ ಹೊತ್ತಿಗೆ ಹೊರಡುತ್ತೀರಿ ಎಂದು ಇವತ್ತೇ ಫೋನ್ ಮಾಡಿ ತಿಳಿಸು.