ಎರಡು ತಪಾಸಣೆಗಳ ನಡುವಿನ ದಿನಗಳು: ಎಂಎಸ್ ಮತ್ತು ನಿಮ್ಮ ಮೊಬೈಲ್

ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಮೈಲಿನ್ ಹೊದಿಕೆಯನ್ನು ಹಾಳುಗೆಡವುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಅದರ ಲಕ್ಷಣಗಳನ್ನು ಮನೆಯಲ್ಲೇ ಗಮನಿಸುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನರರೋಗ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟರೇ, ನಾನು ಪ್ರೌಢಶಾಲಾ ಶಿಕ್ಷಕಿ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋದಾಗ ಚೆನ್ನಾಗಿಯೇ ನಡೆಯುತ್ತೇನೆ. ‘ಏನೂ ಬದಲಾವಣೆ ಇಲ್ಲ’ ಎನ್ನುತ್ತಾರೆ. ಆದರೆ ಮೊದಲಿನಷ್ಟು ಓಡಾಡಲು ಆಗುತ್ತಿಲ್ಲ. ಮೊಬೈಲಿನ ಹೆಜ್ಜೆ ಲೆಕ್ಕವನ್ನು ವೈದ್ಯರಿಗೆ ತೋರಿಸಬಹುದೇ?
– ಓದುಗಿ, ದಾವಣಗೆರೆ

ಉತ್ತರ: ಖಂಡಿತ ತೋರಿಸಿ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 25 ಅಡಿ ನಡೆಸಿ ಸಮಯ ನೋಡುತ್ತೇವೆ. ಅಷ್ಟು ದೂರವನ್ನು ಗಟ್ಟಿ ಮನಸ್ಸು ಮಾಡಿ ನಡೆದುಬಿಡಬಹುದು. ಮೂರನೇ ಪೀರಿಯಡ್ ಮುಗಿಸಿ ಮೆಟ್ಟಿಲು ಹತ್ತುವಾಗ ಕಾಲು ಎಳೆಯುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎಂಎಸ್ ಇರುವ 95 ಮಂದಿಯ ಹೆಜ್ಜೆಗಳನ್ನು ಫಿಟ್‌ಬಿಟ್ ಎಂಬ ಹೆಜ್ಜೆ ಎಣಿಸುವ ಸಾಧನದ ಮೂಲಕ ಒಂದು ವರ್ಷ ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನದ ಸರಾಸರಿ ಹೆಜ್ಜೆ ಇಳಿಯುತ್ತ ಹೋಗುವುದಕ್ಕೂ ನಡಿಗೆಯ ಸಾಮರ್ಥ್ಯ ಕುಗ್ಗುವುದಕ್ಕೂ ನಂಟಿರುವುದು ಅದರಲ್ಲಿ ಕಂಡುಬಂತು.

ಒಂದು ಎಚ್ಚರಿಕೆ: ಫೋನನ್ನು ಚಾರ್ಜಿಗಿಟ್ಟು ಅಡುಗೆಮನೆಗೂ ಹಿತ್ತಲಿಗೂ ಓಡಾಡಿದರೆ ಆ ಹೆಜ್ಜೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ಕೈಗೆ ಕಟ್ಟುವ ಬ್ಯಾಂಡ್ ಇದ್ದರೆ ಒಳ್ಳೆಯದು. ಒಂದು ದಿನದ ಅಂಕಿ ನೋಡಬೇಡಿ, ವಾರದ ಸರಾಸರಿ ಬರೆದಿಡಿ. ಶಾಲೆಗೆ ರಜೆ ಇದ್ದ ವಾರ, ಜ್ವರ ಬಂದ ವಾರ ಯಾವುದೆಂದು ಪಕ್ಕದಲ್ಲೇ ಗುರುತು ಹಾಕಿ. ಪಕ್ಕದ ಮನೆಯವರ ಹತ್ತು ಸಾವಿರ ಹೆಜ್ಜೆ ನಿಮಗೆ ಅಳತೆಗೋಲಲ್ಲ. ನಿಮ್ಮ ಈ ತಿಂಗಳನ್ನು ನಿಮ್ಮದೇ ಕಳೆದ ತಿಂಗಳುಗಳ ಜೊತೆ ಹೋಲಿಸಿ.

ಪ್ರಶ್ನೆ: ನನ್ನ ಹೆಂಡತಿಗೆ ಎಂಎಸ್ ಇದೆ. ಬೇಸಿಗೆಯ ಮಧ್ಯಾಹ್ನ ಕಣ್ಣು ಮಂಜಾಗುತ್ತದೆ, ವಾಚಿನಲ್ಲಿ ಹೆಜ್ಜೆಗಳು ಅರ್ಧಕ್ಕಿಳಿಯುತ್ತವೆ. ಕಾಯಿಲೆ ಮರುಕಳಿಸಿತೇ?
– ಓದುಗ, ರಾಯಚೂರು

ಉತ್ತರ: ಮೈ ಬಿಸಿಯಾದಾಗ, ಮೈಲಿನ್ ಕಳೆದುಕೊಂಡ ನರಗಳಲ್ಲಿ ಸಂದೇಶ ಸಾಗುವುದು ಇನ್ನಷ್ಟು ಕಷ್ಟವಾಗುತ್ತದೆ. ಹೀಗಾಗಿ ಹಳೆಯ ಲಕ್ಷಣಗಳೇ ತಲೆ ಎತ್ತುತ್ತವೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಇದನ್ನು 1890ರಲ್ಲೇ ವಿವರಿಸಿದ್ದರು. ನೆರಳಿಗೆ ಬಂದು, ತಣ್ಣೀರು ಕುಡಿದು, ಒದ್ದೆ ಬಟ್ಟೆ ಹಾಕಿಕೊಂಡರೆ ಹೆಚ್ಚಾಗಿ ಸರಿಹೋಗುತ್ತದೆ. ಜ್ವರವಾಗಲಿ ಸೋಂಕಾಗಲಿ ಇಲ್ಲದೆ, ಹೊಸ ಲಕ್ಷಣ ಕಾಣಿಸಿಕೊಂಡು ಅಥವಾ ಹಳೆಯದು ಉಲ್ಬಣಿಸಿ ಕನಿಷ್ಠ 24 ಗಂಟೆ ಮುಂದುವರಿದರೆ ಅದನ್ನು ಮರುಕಳಿಕೆ ಎನ್ನುತ್ತೇವೆ.

ಹೆಜ್ಜೆ ಇಳಿದದ್ದನ್ನು ವಾಚು ಹೇಳುತ್ತದೆ, ಕಾರಣ ಹೇಳುವುದಿಲ್ಲ. ಆದ್ದರಿಂದ ಲಕ್ಷಣ ಶುರುವಾದ ಹೊತ್ತು, ಥರ್ಮಾಮೀಟರ್ ತೋರಿಸಿದ ಜ್ವರ, ಉರಿಮೂತ್ರ ಇದೆಯೇ ಎಂಬುದನ್ನು ಬರೆದಿಡಿ. ಮೂತ್ರದ ಸೋಂಕೊಂದೇ ಸಾಕು, ಎಂಎಸ್ ಲಕ್ಷಣಗಳನ್ನು ಕೆರಳಿಸಲು. ತಂಪಾದ ಮೇಲೂ ಮಂಜು ಹೋಗದಿದ್ದರೆ ಅಥವಾ ಕಣ್ಣು ಹೊರಳಿಸಿದಾಗ ನೋವಾದರೆ ಕೂಡಲೇ ವೈದ್ಯರನ್ನು ಕಾಣಿ. ಹಳೆ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ತರಲೇಬೇಡಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಹಠಾತ್ತನೆ ಶುರುವಾದರೆ ಅದು ಪಾರ್ಶ್ವವಾಯುವೂ ಇರಬಹುದು, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ನಡಿಗೆಯ ತೊಂದರೆ ಇಲ್ಲ, ಆದರೆ ಬರೆಯುವಾಗ ಬಲಗೈ ಸೋಲುತ್ತದೆ. ಇದನ್ನು ಫೋನಿನಲ್ಲಿ ಅಳೆಯಬಹುದೇ?
– ಓದುಗ, ಹುಬ್ಬಳ್ಳಿ

ಉತ್ತರ: ಅಳೆಯಬಹುದು. ಬಾರ್ಸಿಲೋನಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಫ್ಲಡ್‌ಲೈಟ್ ಅಧ್ಯಯನದಲ್ಲಿ ಎಂಎಸ್ ಇರುವ 76 ಮಂದಿ 24 ವಾರ ಫೋನಿನಲ್ಲೇ ಪರೀಕ್ಷೆ ಮಾಡಿಕೊಂಡರು. ತೆರೆಯ ಮೇಲಿನ ಟೊಮೆಟೊ ಚಿತ್ರಗಳನ್ನು ಎರಡು ಬೆರಳಲ್ಲಿ ಹಿಸುಕುವುದು, ಆಕಾರಗಳ ಮೇಲೆ ಬೆರಳಾಡಿಸುವುದು ಕೈಯ ಪರೀಕ್ಷೆಗಳು. ಎರಡು ನಿಮಿಷದ ನಡಿಗೆ ಕಾಲಿನದು.

ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ. ಒಂದೇ ಪ್ಯಾರಾವನ್ನು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ ಕೈಬರಹದಲ್ಲಿ ಬರೆಯಿರಿ. ಸ್ಟಾಪ್‌ವಾಚಿನಲ್ಲಿ ಸಮಯ ನೋಡಿ, ಪುಟದ ಫೋಟೊ ತೆಗೆದಿಡಿ. ಷರ್ಟಿನ ಗುಂಡಿ ಹಾಕಲು ಹಿಡಿಯುವ ಸಮಯವನ್ನೂ ಗುರುತಿಸಿ. ಮೊದಲ ಕೆಲವು ವಾರ ಅಭ್ಯಾಸಬಲದಿಂದಲೇ ವೇಗ ಹೆಚ್ಚುತ್ತದೆ, ಅದನ್ನು ಸುಧಾರಣೆ ಎಂದುಕೊಳ್ಳಬೇಡಿ. ಅಂಕಿ ಏನೇ ತೋರಿಸಲಿ, ಮಾತ್ರೆ, ಚುಚ್ಚುಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಮಗಳು ದಿನವಿಡೀ ವಾಚನ್ನೇ ನೋಡುತ್ತ ಕೊರಗುತ್ತಾಳೆ. ಈ ಮಾಹಿತಿಯೆಲ್ಲ ಯಾರ ಕೈ ಸೇರುತ್ತದೋ ಎಂಬ ಭಯವೂ ಇದೆ. ಇದು ಬೇಕೇ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಅಮ್ಮಾ, ಆತಂಕ ಹೆಚ್ಚಿಸುವಂತಿದ್ದರೆ ವಾಚನ್ನು ಬಿಚ್ಚಿಡಬಹುದು, ಚಿಕಿತ್ಸೆಗೇನೂ ಕುಂದಾಗದು. ಬೇಕೆನಿಸಿದರೆ ನೋಟಿಫಿಕೇಷನ್ ನಿಲ್ಲಿಸಿ ಭಾನುವಾರ ಮಾತ್ರ ನೋಡಲಿ. ಮಾಹಿತಿ ಎಲ್ಲಿಗೆ ಹೋಗುತ್ತದೆಂದು ಸ್ಪಷ್ಟವಾಗಿ ಹೇಳದ ಆ್ಯಪಿಗೆ ಒಪ್ಪಿಗೆ ಕೊಡಬೇಡಿ. ವಾಚನ್ನು ಕಚೇರಿಯ ಖಾತೆಗೆ ಜೋಡಿಸಬೇಡಿ.

ಮೂತ್ರ ತಡೆಯಲಾಗದ ಸಂಕಟ, ಮರಗಟ್ಟಿದ ಪಾದ, ಏಳಲಾಗದ ದಣಿವು, ಮನಸ್ಸಿನ ಕುಗ್ಗುವಿಕೆ ಹೆಜ್ಜೆಗಳ ಲೆಕ್ಕದಲ್ಲಿ ಕಾಣುವುದಿಲ್ಲ. ಅವನ್ನು ಮಗಳೇ ಹೇಳಬೇಕು. ಮುಂದಿನ ತಪಾಸಣೆಗೆ ಒಂದೇ ಹಾಳೆ ತನ್ನಿ: ಒಂದು ಬದಿಯಲ್ಲಿ ವಾರದ ಸರಾಸರಿಗಳು, ಇನ್ನೊಂದು ಬದಿಯಲ್ಲಿ ಅವಳನ್ನು ಹೆಚ್ಚು ಕಾಡುವ ಮೂರು ತೊಂದರೆಗಳು. ಡಾಕ್ಟರು ಮೊದಲು ಆ ಮೂರನ್ನು ಓದಲಿ.